ಕೆಟಲ್ ದ್ವೀಪದ ಕುತ್ತಿಗೆ

ನನಗೀಗ ಇಪ್ಪತ್ತಾರು ವಯಸ್ಸು, ನಾನು ರಿಟೈರ್ಡು. ನಗೋರು ಒಂದ್ಸಲ ನಕ್ಬಿಡಿ, ಆಮೇಲೆ ಮುಂದೆ ಓದೋಣ. ಕಂಪನಿ ಮುಚ್ಚಿದ ಮೇಲೆ ಭೂಪಟದ ಕೆಲಸಕ್ಕೆ ವಾಪಸ್ ಹೋಗಲ್ಲ ಅಂತ ನಾನೇ ತೀರ್ಮಾನ ಮಾಡಿದೀನಿ, ಅದಕ್ಕೇ ರಿಟೈರ್ಡು. ನಮ್ಮಕ್ಕ ಇದಕ್ಕೆ ಬೇರೆ ಹೆಸರು ಹೇಳ್ತಾಳೆ. ಅವಳ ಮನೇಲಿ ಊಟ ಮಾಡ್ಕೊಂಡಿರೋದ್ರಿಂದ ನಾನು ಜಗಳ ಆಡಲ್ಲ.

ಮೊನ್ನೆ ಸನ್ನಿವೇಲ್ ಕಡೆ ಇಬ್ಬರು ಹೊಸಬರು ಸಿಕ್ಕಿದ್ರು, ಮ್ಯಾಪ್ ಮಾಡೋ ಕಂಪನಿಗೆ ಸೇರ್ಕೊಂಡಿದಾರಂತೆ. 'ಕೆಲಸ ಹೆಂಗಿರುತ್ತೆ, ಹೇಳಿ' ಅಂದ್ರು. ಪಾರ್ಕಿಂಗ್ ಲಾಟಲ್ಲಿ ನಿಂತು ಹೇಳೋ ವಿಷ್ಯ ಅಲ್ಲ ಅದು. ಅದಕ್ಕೇ ಇಲ್ಲಿ ಟೈಪ್ ಮಾಡ್ತಿದೀನಿ. ಪ್ರಮೋಷನ್ ವಿಷ್ಯ ಬಿಟ್ಬಿಡ್ತೀನಿ. ನನ್ನ ವಿಸಿಟಿಂಗ್ ಕಾರ್ಡ್ ಮೇಲಿನ ಪದವಿ ಮೇಲಿಂದ ಮೇಲೆ ದೊಡ್ಡದಾಗ್ತಾ ಹೋಯ್ತು, ಕುರ್ಚಿ ಅದೇ ಇತ್ತು. ಆ ಕುರ್ಚಿ ಈಗ ಅಕ್ಕನ ಗರಾಜಲ್ಲಿದೆ.

ನಾನು ಓದಿದ್ದು ಮಂಡ್ಯದಲ್ಲಿ ಬಿ.ಕಾಂ. ಭೂಪಟ ಕಲಿತದ್ದು ಅಕ್ಕನ ಮನೆಗೆ ಬಂದ್ಮೇಲೆ, ಸ್ಯಾನ್ ಫ್ರಾನ್ಸಿಸ್ಕೋ ಹತ್ರದ ಡ್ಯಾನ್‌ವಿಲ್ ಲೈಬ್ರರಿಯಲ್ಲಿ. ಅಕ್ಕ ಮಗೂನ ಡೇಕೇರಿಗೆ ಬಿಟ್ಟು ನನ್ನ ಅಲ್ಲಿ ಇಳಿಸಿ ಹೋಗೋಳು, ನಾನು ಟೇಬಲ್ಲಿನಷ್ಟು ದೊಡ್ಡ ಅಟ್ಲಾಸ್ ಬಿಚ್ಕೊಂಡು ಕೂರ್ತಿದ್ದೆ. ಅದು ಡಾಟ್ ಕಾಮ್ ಕಾಲ. ಉಸಿರಾಡ್ತಾ ಇರೋರಿಗೆಲ್ಲ ಕೆಲಸ ಸಿಗ್ತಿತ್ತು. ಸ್ಯಾನ್ ರಮೋನಿನ ಒಂದು ಆಫೀಸ್ ಪಾರ್ಕಲ್ಲಿ ಇಡೀ ಪ್ರಪಂಚದ ಮ್ಯಾಪನ್ನ ಇಂಟರ್ನೆಟ್ಟಿಗೆ ಹಾಕ್ತೀವಿ ಅಂತ ಹೊರಟಿದ್ದ ಕಂಪನಿಗೆ ಇಂಟರ್ವ್ಯೂಗೆ ಹೋದೆ. 'ಮ್ಯಾಪ್ ಬರೆಯೋಕೆ ಬರುತ್ತಾ?' ಅಂದ್ರು. ವೈಟ್‌ಬೋರ್ಡ್ ಮೇಲೆ ಏರ್‌ಪೋರ್ಟಿಂದ ಅಕ್ಕನ ಮನೆವರೆಗೂ ಫ್ರೀವೇ ಬರೆದೆ, ಎಲ್ಲಾ ಎಕ್ಸಿಟ್ ಸಮೇತ. ನಾನು ಬಂದಿಳಿದ ದಿನ ಭಾವ ದಾರಿ ತಪ್ಪಿ ಎಲ್ಲಾ ಎಕ್ಸಿಟ್ಟೂ ತಗೊಂಡಿದ್ರು, ಅದಕ್ಕೇ ನೆನಪಿತ್ತು. ಕೆಲಸ ಸಿಕ್ತು.

ಮೊದಮೊದಲು ಎಲ್ಲಾ ಕೈಕೆಲಸ. ಡ್ರಾಯಿಂಗ್ ಬೋರ್ಡ್ ಥರ ಓರೆಯಾಗಿರೋ ಟೇಬಲ್ಲು, ಒಳಗೆಲ್ಲ ತಂತಿ. ಮೇಲೆ ಕಾಗದದ ಮ್ಯಾಪ್ ಅಂಟಿಸಿ, ಮೌಸ್ ಥರದ್ದೊಂದನ್ನ ಗೆರೆ ಮೇಲೆ ಸರಿಸ್ತಾ ಕ್ಲಿಕ್, ಕ್ಲಿಕ್, ಕ್ಲಿಕ್. ಕರಾವಳಿ ಎಷ್ಟು ಅಂಕುಡೊಂಕೋ ಅಷ್ಟು ಕ್ಲಿಕ್ಕು. ನಾರ್ವೆ ಯಾರ ಪಾಲಿಗೆ ಬಂತೋ ಅವರಿಗೆ ಆ ವಾರ ಎಲ್ರೂ ಕಾಫಿ ತಂದ್ಕೊಡ್ತಿದ್ವಿ, ಮನೇಲಿ ಸಾವಾದವರಿಗೆ ಮಾಡ್ತೀವಲ್ಲ ಹಂಗೆ. ಆಮೇಲೆ ಸ್ಕ್ಯಾನರ್ ಬಂತು. ಗೆರೆಗಳನ್ನ ಪ್ರೋಗ್ರಾಮೇ ಹಿಡ್ಕೊಳ್ತಿತ್ತು, ನಾವು ಬರೀ ಸರಿ ನೋಡ್ಬೇಕಿತ್ತು. ನನ್ನ ಪಕ್ಕದ ಸೀಟಲ್ಲಿ ಕೂರ್ತಿದ್ದ ಗಣೇಶ್ ಶೆಣೈ, ಮಂಗಳೂರಿನವನು, ನೆವಾಡಾ ಮ್ಯಾಪ್ ಮೇಲೆ ಕಾಫಿ ಕಪ್ ಇಟ್ಟಿದ್ದ. ಕಪ್ಪಿನ ಗುರುತನ್ನ ಪ್ರೋಗ್ರಾಮು ಮರುಭೂಮಿ ಮಧ್ಯೆ ಒಂದು ದುಂಡನೆ ಸರೋವರ ಮಾಡ್ಬಿಡ್ತು. ತುಂಬಾ ದಿನ ಇತ್ತು ಆ ಸರೋವರ. ಒಂದೂ ಕಂಪ್ಲೇಂಟ್ ಬರ್ಲಿಲ್ಲ. ಒಬ್ಬ ಮಾತ್ರ ಅಲ್ಲಿ ಯಾವ ಮೀನು ಸಿಗುತ್ತೆ ಅಂತ ಮೇಲ್ ಮಾಡಿದ್ದ. 'ಬಂಗುಡೆ ಅಂತ ಬರೀಲಾ?' ಅಂದ ಶೆಣೈ. ಬೇಡ ಮಾರಾಯ ಅಂದೆ.

ನಮ್ಮ ಬಾಸ್ ಬ್ರಾಡ್. ಮೂವತ್ತೂ ಆಗಿರ್ಲಿಲ್ಲ, ಗದ್ದದ ಮೇಲೆ ಎಣಿಸಬಹುದಾದಷ್ಟು ಗಡ್ಡ, ಕಾರಿಡಾರಲ್ಲಿ ಸ್ಕೂಟರ್ ಓಡಿಸೋನು. ಕಾಲಲ್ಲಿ ಒದ್ದು ಓಡಿಸೋ ಮಕ್ಕಳ ಸ್ಕೂಟರು. ಅವನಿಗೆ ಇಡೀ ಜಗತ್ತಲ್ಲಿ ಒಂದೇ ಪ್ರಶ್ನೆ: 'ಎಷ್ಟು ಕಣ್ಣು?' ಅಂದ್ರೆ ಆ ಪೇಜನ್ನ ಎಷ್ಟು ಜನ ನೋಡ್ತಾರೆ ಅಂತ. ದುಡ್ಡು ಬರುತ್ತಾ ಅಂತ ಯಾರೂ ಕೇಳ್ತಿರ್ಲಿಲ್ಲ, ಅದು ಅಸಭ್ಯ ಅನ್ನೋ ಥರ. ಟಿಂಬಕ್ಟು ತಪ್ಪಾಗಿದೆ ಅಂದ್ರೆ, 'ಟಿಂಬಕ್ಟುಗೆ ಎಷ್ಟು ಕಣ್ಣು?' ಡ್ಯಾನ್‌ವಿಲ್ ತಪ್ಪಾಗಿದೆ ಅಂದ್ರೆ ಓಡಿ ಬರೋನು, ಅವನ ಅತ್ತೆ ಮನೆ ಅಲ್ಲೇ.

ಆ ಡ್ಯಾನ್‌ವಿಲ್ಲಿಂದಾನೇ ಒಂದು ದೊಡ್ಡ ಎಡವಟ್ಟು ಶುರುವಾಯ್ತು. ಅಲ್ಲಿನ ಒಬ್ರು ಯಜಮಾನ್ರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮದುವೆಗೆ ಹೋಗ್ಬೇಕಿತ್ತು, ನಮ್ಮ ಸೈಟಿಂದ ದಾರಿ ಪ್ರಿಂಟ್ ತಗೊಂಡ್ರು. ನಮ್ಮ ಮ್ಯಾಪಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಮೇಲೆ ದೋಣಿ ಹೋಗೋ ಚುಕ್ಕಿ ಗೆರೆಯನ್ನ ಪ್ರೋಗ್ರಾಮು ರಸ್ತೆ ಅಂದ್ಕೊಂಡಿತ್ತು. 'ನೇರ ಹೋಗಿ' ಅಂತ ಪ್ರಿಂಟಾಗಿತ್ತು. ಯಜಮಾನ್ರು ಹಡಗುಕಟ್ಟೆ ತುದೀಲಿ ಬ್ರೇಕ್ ಹಾಕಿ, ಮದುವೆ ಸೂಟಲ್ಲೇ ಫೋನ್ ಮಾಡಿದ್ರು. ಅವರು ಬಳಸಿದ ಮಾತು ಅಕ್ಕನ ಮನೇಲಿ ಕೂತು ಟೈಪ್ ಮಾಡೋ ಹಂಗಿಲ್ಲ.

ಬ್ರಾಡ್ ಬೆವೆತು ಹೋದ. ಮೀಟಿಂಗ್ ಕರೆದು ಎರಡು ರೂಲ್ ಮಾಡಿದ. ಒಂದು, ನೀರಿನ ಮೇಲೆ ಸೇತುವೆ ಇಲ್ದೆ ರಸ್ತೆ ಕಂಡ್ರೆ ಅದು ಕಸ, ಅಳಿಸ್ಬಿಡಿ. ಎರಡು, ಒಂದೇ ಜಾಗವನ್ನ ಒಂದು ಮ್ಯಾಪು ನೆಲ ಅಂದು, ಇನ್ನೊಂದು ನೀರು ಅಂದ್ರೆ, ನೀರು ಅಂತಾನೇ ತಗೊಳ್ಳಿ. ಶೆಣೈ 'ನೀರು ಗೆಲ್ಲಲಿ' ಅಂತ ಕನ್ನಡದಲ್ಲಿ ದಪ್ಪಗೆ ಬರೆದು ಮಾನಿಟರ್ ಮೇಲೆ ಅಂಟಿಸ್ಕೊಂಡ. ಬ್ರಾಡ್ ಅದನ್ನ ಶ್ಲೋಕ ಅಂದ್ಕೊಂಡು ಕೈ ಮುಗಿದು ಹೋಗ್ತಿದ್ದ.

ಈಗ ದ್ವೀಪಕ್ಕೆ ಬರ್ತೀನಿ.

ನಮ್ಮ ಸಪೋರ್ಟ್ ಫೋನ್ ತಗೊಳ್ತಿದ್ದ ಹುಡುಗಿ ಇನ್ನೊಂದು ಸ್ಟಾರ್ಟಪ್ಪಿಗೆ ಹಾರಿದ್ಲು, ಫೋನು ನನ್ನ ಟೇಬಲ್ಲಿಗೆ ಬಂತು. ಒಂದು ಮಂಗಳವಾರ ರಿಂಗಾಯ್ತು. ಎತ್ತಿದೆ. ಹಿಂದೆ ಗಾಳಿ ಸದ್ದು, ಮುಂದೆ ಒಬ್ಬ ಹೆಂಗಸು.

'ನನ್ನ ದ್ವೀಪಾನ ಎರಡು ಮಾಡಿದೋರು ನೀವೇನಾ?'

ಹೆಸರು ಮಾರ್ಗಿ. ಅಲಾಸ್ಕಾ ಕಡೆ, ನಕ್ಷೆಯ ಅಂಚಿನ ಕೆಟಲ್ ಅನ್ನೋ ದ್ವೀಪದಲ್ಲಿ ಅಂಗಡಿ ಇಟ್ಟಿರೋಳು. ಅವಳು ಮಾತಾಡಿದ್ದು ಇಂಗ್ಲಿಷೇ, ಆದ್ರೆ ಬೈಗುಳದ ಲಯ ಪೂರಾ ಮಂಡ್ಯದ್ದು, ನನಗೆ ತವರಿನ ಫೋನ್ ಬಂದಂಗಾಯ್ತು.

'ಒಂದ್ನಿಮಿಷ ಇರಿ ಮೇಡಂ, ನೋಡ್ತೀನಿ.' ಸ್ಕ್ರೀನಲ್ಲಿ ತೆಗೆದೆ. 'ಇಲ್ಲಿ ಎರಡು ದ್ವೀಪ ಇದೆ. ಒಂದು ದೊಡ್ಡದು, ಒಂದು ಚಿಕ್ಕದು.'

'ಅದೇ ನಾನು ಹೇಳ್ತಿರೋದು! ಒಂದೇ ದ್ವೀಪ ಅದು. ನಿಮ್ಮ ಕಂಪ್ಯೂಟರು ಅದರ ಕುತ್ತಿಗೆ ಮುರಿದಿದೆ. ಬೆಳಿಗ್ಗೆ ತಾನೇ ಆ ಕುತ್ತಿಗೆ ಮೇಲೆ ಟ್ರಕ್ ಓಡಿಸ್ಕೊಂಡು ಬಂದೆ. ನಾನೇನು ಮೀನಾ?'

ಆಮೇಲೆ ಅವಳು ಹೇಳಿದ್ದನ್ನ ನಾನು ಪೆನ್ಸಿಲ್ಲಲ್ಲಿ ಬರ್ಕೊಳ್ತಾ ಹೋದೆ. ಹೆಸರಿಗೆ ತಕ್ಕಂಗೆ ದ್ವೀಪ ಕೆಟಲ್ ಥರಾನೇ. ಕೆಟಲ್ ಹೊಟ್ಟೆ ದೊಡ್ಡ ಭಾಗ: ಹಿಂದೆ ಆರಿಹೋದ ಜ್ವಾಲಾಮುಖಿ, ಮುಂದೆ ಹುಲ್ಲು, ಒಂದೂ ಮರ ಇಲ್ಲ. ಗಾಳಿ ಮರ ಬೆಳೆಯಕ್ಕೆ ಬಿಡಲ್ಲ. ಹಳ್ಳಿ ಇರೋದು ಇಲ್ಲೇ, ಒಂದು ಕೊಲ್ಲಿ ದಂಡೇಲಿ. ಆ ಕೊಲ್ಲಿ ನೀರು ಮೊಣಕಾಲುದ್ದ, ಕೆಸರು, ದೊಡ್ಡ ದೋಣಿ ಬರಲ್ಲ. ಕೆಟಲ್ಲಿನ ಮೂತಿ ಒಂದು ಚಿಕ್ಕ ಗುಡ್ಡ, ಅದರ ಪಕ್ಕಾನೇ ಜಲಸಂಧಿ. ಆ ಕಡೆ ಒಂದು ಸಮುದ್ರ, ಈ ಕಡೆ ಇನ್ನೊಂದು, ಮಧ್ಯದ ಸಂದೀಲಿ ನೀರು ಹೊಳೆ ಥರ ಹರಿಯುತ್ತೆ. ಸ್ವಲ್ಪ ಹೊತ್ತು ಉತ್ತರಕ್ಕೆ, ಆಮೇಲೆ ನಿಂತು ಯೋಚನೆ ಮಾಡಿ ದಕ್ಷಿಣಕ್ಕೆ.

'ನಮ್ಮೂರ ಕಾವೇರಿ ಒಂದೇ ಕಡೆ ಹೋಗುತ್ತೆ' ಅಂದೆ.

'ಪುಣ್ಯವಂತರು ನೀವು. ನಮ್ಮದು ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದು.'

ಆ ಸೆಳೆತ ತಳ ಕೊರೆದೂ ಕೊರೆದೂ ಮೂತಿ ಪಕ್ಕ ಆಳ ಮಾಡಿದೆ, ದೊಡ್ಡ ದೋಣಿ ಕಟ್ಟೆಗೆ ಅಂಟ್ಕೊಂಡು ನಿಲ್ಲಬಹುದು. ಹೊಟ್ಟೆಗೂ ಮೂತಿಗೂ ಮಧ್ಯೆ ಕುತ್ತಿಗೆ: ಎರಡೂ ಕಡೆಯ ಅಲೆ ತಂದು ಸುರಿದ ದುಂಡುಕಲ್ಲಿನ ದಿಬ್ಬ, ಅದರ ಮೇಲೆ ರಸ್ತೆ. ಭರ್ಜರಿ ಉಬ್ಬರ ಬಂದಾಗ ಮಾತ್ರ ಸ್ವಲ್ಪ ಹೊತ್ತು ಮುಳುಗಿ, ಮತ್ತೆ ಮೇಲೆ ಬರುತ್ತೆ.

ಎಡವಟ್ಟು ಎಲ್ಲಿ ಅಂತ ತಕ್ಷಣ ಹೊಳೀತು. ನೆಲದ ಮ್ಯಾಪ್ ಮಾಡೋರು ಕುತ್ತಿಗೆಯನ್ನ ನೆಲ ಅಂತ ಬರೆದಿದ್ರು. ಹಡಗಿನವರ ಮ್ಯಾಪ್ ಮಾಡೋರು, ಮುಳುಗೋ ಜಾಗ ಅಲ್ವಾ, ನೀರು ಅಂತ ಬರೆದಿದ್ರು. ಇಬ್ರೂ ಸರಿ. ನಮ್ಮ ರೂಲು 'ನೀರು ಗೆಲ್ಲಲಿ' ಅಂತು, ಕುತ್ತಿಗೆ ಹೋಯ್ತು. ಇನ್ನೊಂದು ರೂಲು ನೀರಲ್ಲಿರೋ ರಸ್ತೆ ಕಸ ಅಂತು, ರಸ್ತೇನೂ ಹೋಯ್ತು.

'ಸರಿ ಮಾಡ್ತೀವಿ ಮೇಡಂ. ಅವಸರ ಏನಾದ್ರೂ...'

'ಗುರುವಾರ' ಅಂದ್ಲು. 'ಮುಂದಿನ ಗುರುವಾರ.'

ಅವಸರ ಯಾಕೆ ಅಂತ ಅವಳೇ ಹೇಳಿದ್ಲು. ಒಂದು ದೋಣಿ ಕಂಪನಿ ಬೇಸಿಗೇಲಿ ಆ ಕಡೆ ಜನರನ್ನೂ ಸಾಮಾನನ್ನೂ ಸಾಗಿಸೋಕೆ ಹೊಸ ಫೆರಿ ಬಿಡ್ತಿತ್ತು. ಒಂದೇ ಒಂದು ನಿಲ್ದಾಣಕ್ಕೆ ಜಾಗ. ಕೆಟಲ್ಲೋ, ಪಕ್ಕದ ದ್ವೀಪಾನೋ ಅಂತ ಗುರುವಾರ ತೀರ್ಮಾನ. ಮಾರ್ಗಿ ಊರಿಗೆ ಈಗ ಬರೋದು ಒಂದು ಚಿಕ್ಕ ವಿಮಾನ, ಮಂಜು ಬಿದ್ರೆ ಅದೂ ಇಲ್ಲ. ಜನ ಒಬ್ಬೊಬ್ರೇ ಊರು ಬಿಡ್ತಿದ್ರು. ಫೆರಿ ನಿಂತ್ರೆ ಊರು ನಿಲ್ಲುತ್ತೆ, ಇಲ್ದಿದ್ರೆ ಅಂಗಡಿಗೆ ಬೀಗ. ಫೆರಿ ಕಂಪನಿ ಮ್ಯಾನೇಜರು ಯಾವುದೋ ದೊಡ್ಡ ಊರಲ್ಲಿ ಕೂತು ನಮ್ಮ ಮ್ಯಾಪನ್ನ ಪ್ರಿಂಟ್ ಮಾಡಿ ಇಟ್ಕೊಂಡಿದಾನೆ. 'ನಿಮ್ಮ ಕಟ್ಟೆ ಒಂದು ದ್ವೀಪದಲ್ಲಿ, ನಿಮ್ಮ ಹಳ್ಳಿ ಇನ್ನೊಂದ್ರಲ್ಲಿ' ಅಂತಾನಂತೆ.

'ನಾನು ಅಲ್ಲೇ ಹುಟ್ಟಿದೋಳು ಅಂದೆ' ಅಂದ್ಲು ಮಾರ್ಗಿ. 'ಅವನು ಕಂಪ್ಯೂಟರ್ ಹಂಗೆ ಹೇಳಲ್ಲ ಅಂದ.'

ನಾನು ನೇರ ಬ್ರಾಡ್ ಹತ್ರ ಹೋದೆ. ಸ್ಕೂಟರ್ ನಿಲ್ಲಿಸ್ದೇನೇ ಕೇಳಿದ: 'ಎಷ್ಟು ಕಣ್ಣು?'

ನೋಡಿದೆ. ಆ ತಿಂಗಳು ಕೆಟಲ್ ಪೇಜ್ ನೋಡಿದ್ದು ಮೂರು ಜನ. ಮಾರ್ಗಿ, ಫೆರಿ ಮ್ಯಾನೇಜರು, ನಾನು.

ನಮ್ಮಲ್ಲಿ ಮ್ಯಾಪ್ ತಿದ್ದೋಕೆ ಒಂದು ಸಾಲು ಇತ್ತು. ಪ್ರತಿ ಸೋಮವಾರ ಮೀಟಿಂಗು, ಜಾಸ್ತಿ ಕಣ್ಣು ಬಿದ್ದ ಪೇಜು ಮೊದಲು, ಕಮ್ಮಿ ಬಿದ್ದದ್ದು ಕೊನೆಗೆ. ಬ್ರಾಡ್ ಒಪ್ಪದೆ ಒಂದು ಚುಕ್ಕೀನೂ ಸೈಟ್ ಮೇಲೆ ಹೋಗಂಗಿಲ್ಲ. ಕೆಟಲ್ ಸರದಿ ಬರೋ ಹೊತ್ತಿಗೆ ಆ ಜ್ವಾಲಾಮುಖಿ ಇನ್ನೊಂದ್ಸಲ ಉಕ್ಕಬಹುದು.

ಕ್ಯಾಂಟೀನಲ್ಲಿ ಶೆಣೈಗೆ ಹೇಳಿದೆ. ಅವನು ಬೇಗಲ್ ಬನ್ನು ಅಗೀತಾ ಪೂರ್ತಿ ಕೇಳಿದ. ಆಮೇಲೆ ಅವನ ಮುಖದಲ್ಲಿ ಒಂದು ಕೆಟ್ಟ ಬೆಳಕು ಬಂತು.

'ಸುಮಾ, ನಿಮ್ಮೂರಲ್ಲಿ ಕರಪತ್ರ ಹಂಚ್ತಿದ್ರಾ? ದೇವಸ್ಥಾನದಲ್ಲಿ ಹಾವು ಬಂತು, ಪೂಜಾರೀನ ಮಾತಾಡಿಸ್ತು, ಇದನ್ನ ಅಚ್ಚು ಹಾಕ್ಸಿ ಹಂಚಿದ್ರೆ ಲಾಟರಿ ಹೊಡೆಯುತ್ತೆ, ಹರಿದು ಹಾಕಿದ್ರೆ ಮನೆ ಹಾಳಾಗುತ್ತೆ ಅಂತ?'

'ನಮ್ಮಪ್ಪ ಒಂದ್ಸಲ ಹರಿದು ಹಾಕಿ, ಮೂರು ದಿನ ಬಸ್ಸಲ್ಲಿ ಓಡಾಡಕ್ಕೆ ಹೆದರಿದ್ರು.'

'ಹಾ. ಈ ಊರಲ್ಲಿ ಅದು ಇನ್ನೂ ಬಂದಿಲ್ಲ ಅಲ್ವಾ?'

ಇಬ್ರೂ ಕೂತು ಬರೆದ್ವಿ. ನನ್ನ ಜೀವನದ ಅತ್ಯುತ್ತಮ ಗದ್ಯ ಅದೇ:

'ಉತ್ತರ ದಿಕ್ಕಿನಲ್ಲಿ ಎರಡು ಸಮುದ್ರಗಳು ಸೇರುವ ಪುಣ್ಯಸ್ಥಳದಲ್ಲಿ ಒಂದು ದ್ವೀಪದ ಕುತ್ತಿಗೆ ಮಾಯವಾಗಿದೆ. ಕೆಳಗಿನ ಕೊಂಡಿಯನ್ನು ಒತ್ತಿ ದ್ವೀಪವನ್ನು ಭಕ್ತಿಯಿಂದ ನೋಡಿರಿ. ಹೀಗೆ ದಿನಕ್ಕೆ ಐದು ಸಲ ನೋಡಿದ ಸನ್ನಿವೇಲಿನ ಇಂಜಿನಿಯರೊಬ್ಬರಿಗೆ ವಾರದೊಳಗೆ ಗ್ರೀನ್ ಕಾರ್ಡ್ ಪ್ರಾಪ್ತಿಯಾಯಿತು. ಅಸಡ್ಡೆ ಮಾಡಿದ ಮ್ಯಾನೇಜರನ ಶೇರು ನೆಲ ಕಚ್ಚಿತು. ಇದನ್ನು ಹತ್ತು ಜನ ಆಪ್ತರಿಗೆ ಕಳಿಸಿರಿ.'

ಶನಿವಾರ ಬೆಳಿಗ್ಗೆ ನಮ್ಮ ಕಡೆಯೋರ ಮೇಲ್ ಗುಂಪಿಗೆ ಬಿಟ್ವಿ. ತಮಾಷೆ ಅಂತ ಎಲ್ರಿಗೂ ಗೊತ್ತಾಗುತ್ತೆ, ನಕ್ಕು ಒಂದ್ಸಲ ಒತ್ತುತಾರೆ ಅಂದ್ಕೊಂಡಿದ್ವಿ. ಹೊಸಬರೇ, ಇಲ್ಲೊಂದು ಪಾಠ ಇದೆ: ವೀಸಾದಲ್ಲಿರೋ ಮನುಷ್ಯನ ಹತ್ರ ಗ್ರೀನ್ ಕಾರ್ಡ್ ವಿಷ್ಯ ತಮಾಷೆ ಮಾಡ್ಬೇಡಿ. ಅವನು ನಗ್ತಾನೆ, ಆದ್ರೆ ಐದು ಸಲ ಒತ್ತೇ ಒತ್ತುತಾನೆ.

ಭಾನುವಾರ ಸನ್ನಿವೇಲಲ್ಲಿ ಯುಗಾದಿ ನಾಟಕದ ರಿಹರ್ಸಲ್ಲು, ಎಲ್ರೂ ಒಂದೊಂದು ಅಡುಗೆ ತರೋ ಪಾಟ್‌ಲಕ್ ಊಟ. ನಾನೂ ಅಕ್ಕನೂ ಹೋದ್ವಿ. ಹುಳಿಯನ್ನದ ಸಾಲಲ್ಲಿ ಹಾಸನದ ರಾಜಣ್ಣ ಅಂಕಲ್ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದ್ರು, 'ಏನಮ್ಮಾ, ಮ್ಯಾಪ್ ಆಫೀಸೋಳಲ್ವಾ ನೀನು? ಆ ಕೆಟಲೇಶ್ವರದ ಕುತ್ತಿಗೆ ನಿಜವಾಗ್ಲೂ ಹೋಗಿದ್ಯಾ?'

'ಕೆಟಲ್ಲು ಅಂಕಲ್. ಈಶ್ವರ ಇಲ್ಲ.'

'ಅದು ನಮಗೆ ಬಿಡು. ನಾನು ಆಫೀಸಿಂದ ಐದು, ಮನೆಯಿಂದ ಐದು ನೋಡಿದೀನಿ. ಮನೇಲಿ ಡಯಲ್ ಅಪ್ಪು, ಕುತ್ತಿಗೆವರೆಗೂ ಬರೋದ್ರೊಳಗೆ ಫೋನ್ ಕಟ್ಟಾಗ್ತಿತ್ತು. ಅರ್ಧ ನೋಡಿದ್ರೆ ಲೆಕ್ಕಕ್ಕೆ ಬರುತ್ತಾ?'

'ಬರುತ್ತೆ ಅಂಕಲ್' ಅಂದೆ. ಇನ್ನೇನ್ ಹೇಳ್ಲಿ.

ಅಕ್ಕ ನನ್ನನ್ನ ಒಂದು ಥರ ನೋಡಿದ್ಲು. ಕಾರಲ್ಲಿ ವಾಪಸ್ ಬರ್ತಾ, 'ಇದು ನಿಂದೇ ಕೆಲಸ ತಾನೇ?' ಅಂದ್ಲು. ಸ್ವಲ್ಪ ದೂರ ಹೋದ್ಮೇಲೆ ಅವಳೇ, 'ನಿಮ್ಮ ಭಾವಂದೂ ಎರಡು ವರ್ಷದಿಂದ ಪೆಂಡಿಂಗು. ಐದೇ ಸಲ ಸಾಕಾ?'

ಸೋಮವಾರ ಮೀಟಿಂಗಿಗೆ ಬ್ರಾಡ್ ಸ್ಕೂಟರ್ ಇಲ್ದೆ ಓಡ್ಕೊಂಡು ಬಂದ. ಇಡೀ ಸೈಟಲ್ಲಿ ಜಾಸ್ತಿ ಕಣ್ಣು ಬಿದ್ದಿರೋ ಪೇಜು ಕೆಟಲ್ ದ್ವೀಪ! ಪ್ಯಾರಿಸ್ ಅದರ ಹಿಂದೆ ಏದುಸಿರು ಬಿಡ್ತಿತ್ತು.

'ಯಾರು ಈ ಜನ?' ಅಂದ ಬ್ರಾಡ್, ಕಣ್ಣಲ್ಲಿ ನೀರು. 'ಎಲ್ರೂ ಟೆಕ್ ಆಫೀಸುಗಳಿಂದ! ಒಬ್ಬೊಬ್ಬರೂ ಐದೈದು ಸಲ! ಇಂಥ ನಿಷ್ಠೆ ನಾನು ನೋಡೇ ಇಲ್ಲ!'

ಶೆಣೈ ಮೇಜಿನ ಕೆಳಗೆ ಏನೋ ಬಿದ್ದಂಗೆ ಬಗ್ಗಿ ಎಷ್ಟೋ ಹೊತ್ತು ಹುಡುಕಿದ.

ನಾನು ಗಂಭೀರವಾಗಿ ಹೇಳಿದೆ: 'ಬ್ರಾಡ್, ಆ ಪೇಜಲ್ಲಿ ಒಂದು ತಪ್ಪಿದೆ. ಎರಡು ದ್ವೀಪ ಅಲ್ಲ, ಒಂದೇ. ಫೈಲ್ ರೆಡಿ ಇದೆ, ನೀನು ಹೂಂ ಅಂದ್ರೆ ಇವತ್ತೇ ಜೋಡಿಸ್ತೀನಿ.'

'ಮುಟ್ಟಬೇಡ!' ಅಂದ.

'ಯಾಕೆ?' ಅಂದೆ.

'ಅರ್ಥ ಆಗ್ಲಿಲ್ವಾ? ಜನಕ್ಕೆ ಇಷ್ಟ ಆಗಿರೋದೇ ಅದು. ಎರಡು ದ್ವೀಪ, ಮಧ್ಯೆ ನೀರು, ಒಂದನ್ನೊಂದು ಮುಟ್ಟೋಕಾಗಲ್ಲ. ಪ್ರೇಮಿಗಳು! ಅವಳಿ ದ್ವೀಪ ಅಂತ ಹೆಸರಿಡಿ. ಪ್ರೇಮಿಗಳ ದಿನಕ್ಕೆ ಜಾಹೀರಾತು ಮಾರೋಣ.'

ಅದು ಮುಗಿದೇ ತಿಂಗಳಾಗಿತ್ತು, ಆ ಮಾತು ಬೇರೆ. ನನಗೆ ಕಾಣ್ತಿದ್ದದ್ದು ಮಾರ್ಗಿ ಅಂಗಡಿ ಬಾಗಿಲಿನ ಬೀಗ. ನಾನು ಕುತ್ತಿಗೆ ಉಳಿಸಕ್ಕೆ ಹೋಗಿ, ಪೂರ್ತಿ ಕುಯ್ದು ಕೈಗೆ ಕೊಟ್ಟಿದ್ದೆ. ಗುರುವಾರಕ್ಕೆ ಮೂರೇ ದಿನ.

ಆಗ ಶೆಣೈ ಮೇಜಿನ ಕೆಳಗಿಂದ ಎದ್ದ, ಮುಖ ಕೆಂಪಗಾಗಿತ್ತು, ಆದ್ರೆ ದನಿ ಬ್ಯಾಂಕ್ ಮ್ಯಾನೇಜರಂದು.

'ಒಳ್ಳೆ ಐಡಿಯಾ ಬ್ರಾಡ್. ಆದ್ರೆ ನಮ್ಮ ಸೈಟಲ್ಲಿ ಒಂದು ದ್ವೀಪಕ್ಕೆ ಒಂದು ಪೇಜು. ಎರಡು ದ್ವೀಪ ಅಂತ ಹೆಸರಿಟ್ಟು ಗಟ್ಟಿ ಮಾಡಿದ್ರೆ ಎರಡು ಪೇಜಾಗುತ್ತೆ. ಕಣ್ಣೂ ಅರ್ಧರ್ಧ ಹಂಚಿಹೋಗುತ್ತೆ.'



'ಅರ್ಧ?' ಅಂದ ಬ್ರಾಡ್.

'ಅರ್ಧ' ಅಂದೆ ನಾನು, ಆದಷ್ಟು ದುಃಖದಿಂದ. 'ಆಮೇಲೆ ಪ್ಯಾರಿಸ್ಸೇ ಫಸ್ಟು.'

'ಜೋಡ್ಸು! ಕೂತಿದೀಯಲ್ಲ ಇನ್ನೂ, ಎದ್ದೋಗಿ ಜೋಡ್ಸು!'

ಹೋಗಿ ಜೋಡಿಸ್ದೆ. ಪ್ರೋಗ್ರಾಮಿಗೆ ಬಿಡ್ಲಿಲ್ಲ, ಹಳೇ ಟೇಬಲ್ ಮೇಲಿನ ಧೂಳು ಒರೆಸಿ, ಕಾಗದ ಅಂಟಿಸಿ, ಕೈಯಲ್ಲೇ. ಮಾರ್ಗಿ ಫೋನಲ್ಲಿ, ನಾನು ಕ್ಲಿಕ್ಕಲ್ಲಿ. 'ಇಲ್ಲಿ ಸ್ವಲ್ಪ ಎಡಕ್ಕೆ ಬಾಗುತ್ತಾ?' 'ಬಾಗುತ್ತೆ, ಅಲ್ಲಿ ಒಂದು ಸೀಲ್ ಮಲಗಿರುತ್ತೆ, ಅದನ್ನ ಹಾಕ್ಬೇಡ.' ರಸ್ತೆ ಎಳೆದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ದೊಡ್ಡ ಉಬ್ಬರದಲ್ಲಿ ಸ್ವಲ್ಪ ಹೊತ್ತು ಮುಳುಗುತ್ತೆ' ಅಂತ ಬರೆದೆ. ಅದೂ ನಿಜ ತಾನೇ. ಬುಧವಾರ ಸೈಟ್ ಮೇಲೆ ಬಂತು. ಗುರುವಾರ ಸಂಜೆ ಮಾರ್ಗಿ ಫೋನು: ಫೆರಿ ಮ್ಯಾನೇಜರು ಹೊಸ ಪ್ರಿಂಟ್ ತೆಗೆದು, 'ಹೋದ ವಾರ ಇಲ್ದೇ ಇದ್ದ ದಾರಿ ಈಗ ಎಲ್ಲಿಂದ ಬಂತು?' ಅಂದನಂತೆ. 'ದುಡಿಮೆಗಾರ ಜನ ಸಾರ್ ನಾವು' ಅಂದ್ಲಂತೆ ಇವಳು. ಫೆರಿ ಕೆಟಲ್ಲಿಗೇ.

ಆದ್ರೆ ಒಂದು ಷರತ್ತು. ಈ ಬೇಸಿಗೆ ಪರೀಕ್ಷೆ. ದೋಣಿ ಬರೀ ಹಿಟ್ಟು, ಡೀಸೆಲ್ ಇಳಿಸಿ ಹೋದ್ರೆ ಸಾಲದು, ಜನ ಹತ್ತಿ ಇಳೀಬೇಕು. ಇಲ್ದಿದ್ರೆ ಬೇಸಿಗೆ ಮುಗಿಯೋ ಹೊತ್ತಿಗೆ ನಿಲ್ದಾಣ ರದ್ದು.

ಆ ಬೇಸಿಗೇಲಿ ನಮ್ಮ ಕಂಪನೀನೇ ಮೊದಲು ರದ್ದಾಯ್ತು. ಒಂದು ಶುಕ್ರವಾರ ಎಲ್ರನ್ನೂ ಕರೆದು ಪಿಜ್ಜಾ ಕೊಟ್ರು. ಪಿಜ್ಜಾ ಜಾಸ್ತಿ ಇದ್ರೆ ಕೆಟ್ಟ ಸುದ್ದಿ ಅಂತ ಆಗ ಎಲ್ರಿಗೂ ಗೊತ್ತಿತ್ತು. ಬ್ರಾಡ್ ಅತ್ತ, ಎಲ್ರನ್ನೂ ತಬ್ಕೊಂಡ, ಸ್ಕೂಟರನ್ನ ಶೆಣೈಗೆ ಕೊಟ್ಟ. ಬಾಸ್ ಅಂತ ಅವನನ್ನ ಎಷ್ಟೇ ಆಡ್ಕೊಂಡಿದ್ರೂ, ನನ್ನಂಥ ಬಿ.ಕಾಂ. ಹುಡುಗೀಗೆ ಪ್ರಪಂಚ ಕೊಟ್ಟು ತಿದ್ದು ಅಂದೋನು ಅವನೊಬ್ಬನೇ.

ಮಾರ್ಗಿ ನಂಬರ್ ನನ್ನ ಹತ್ರ ಇತ್ತು, ಅಕ್ಕನ ಮನೆ ನಂಬರ್ ಅವಳ ಹತ್ರ. ಆಗಾಗ ಮಾಡೋಳು. ಜೂನಲ್ಲಿ ಉತ್ಸಾಹ. ಊರಿಗೆ ಊರೇ ಕಟ್ಟೆ ಮೇಲೆ ನಿಂತು ಕಾಯ್ತು, ಹಿಟ್ಟು ಇಳೀತು, ಟಯರ್ ಇಳೀತು, ಹಕ್ಕಿ ನೋಡೋ ಒಬ್ಬ ಮನುಷ್ಯ ಇಳಿದ. ಜುಲೈಯಲ್ಲಿ ಆ ಹಕ್ಕಿ ಮನುಷ್ಯಾನೂ ಹೊರಟೋದ. ಆಗಸ್ಟಲ್ಲಿ ಅವಳು ಹವಾಮಾನದ ಬಗ್ಗೆ ಮಾತ್ರ ಮಾತಾಡಿದ್ಲು. ನಾನೂ ಹವಾಮಾನಾನೇ ಕೇಳಿದೆ. ಕೊನೇ ಫೆರಿ ಬರೋ ಶನಿವಾರ ಗೊತ್ತಿತ್ತು, ಆ ದಿನ ಫೋನ್ ಬಂದ್ರೆ ಏನ್ ಹೇಳ್ಬೇಕು ಅಂತ ಮಾತ್ರ ಗೊತ್ತಿರ್ಲಿಲ್ಲ.

ಬಂತು. ಗಾಳಿ ಸದ್ದು, ಅದರ ಹಿಂದೆ ಬೇರೆ ಏನೇನೋ ಸದ್ದು, ಮಕ್ಕಳ ಕಿರುಚಾಟ.

'ಸುಮಾ, ಇಲ್ಲೇನಾಗ್ತಿದೆ ಅಂತ ನೀನೇ ಹೇಳ್ಬೇಕು' ಅಂದ್ಲು ಮಾರ್ಗಿ. 'ಫೆರಿ ತುಂಬಾ ಜನ. ಹೆಂಗಸರು ರೇಷ್ಮೆ ಬಟ್ಟೆ ಸುತ್ಕೊಂಡು ಮೇಲೆ ದಪ್ಪ ಜಾಕೆಟ್ ಹಾಕಿದಾರೆ. ಅಕ್ಕಿ ಬೇಯಿಸೋ ಡಬ್ಬಿ ತಂದು ನನ್ನ ಅಂಗಡಿ ಪ್ಲಗ್ಗಿಗೆ ಸಿಕ್ಕಿಸಿದಾರೆ. ಎಲ್ರೂ ಸೀದಾ ಕುತ್ತಿಗೆ ಮೇಲೆ ಹೋಗಿ ನಿಂತು, ಕೂದಲಿರೋ ಕಂದು ಬಣ್ಣದ ಚೆಂಡುಗಳನ್ನ ಕಲ್ಲಿಗೆ ಕುಟ್ಟಿ ಒಡೀತಿದಾರೆ!'



'ಮಾರ್ಗಿ, ಅವರಲ್ಲಿ ಯಾರ ಕೈಗಾದ್ರೂ ಫೋನ್ ಕೊಡಿ.'

ಕೊಟ್ಲು. ರಾಜಣ್ಣ ಅಂಕಲ್. 'ಯಾರಮ್ಮಾ ಇದು? ಸುಮಾನಾ! ಬಂದ್ಬಿಡ್ತು ಕಣಮ್ಮಾ, ಬಂದ್ಬಿಡ್ತು! ನನಗೆ ಬಂತು, ನಮ್ಮ ಷಡ್ಡಕನಿಗೆ ಬಂತು, ಎದುರು ಅಪಾರ್ಟ್‌ಮೆಂಟಿನ ಭಟ್ರಿಗೂ ಬಂತು! ಹರಕೆ ತೀರಿಸದೆ ಹೆಂಗಿರೋದು? ಒಟ್ಟಿಗೆ ಬುಕ್ ಮಾಡ್ಕೊಂಡು ಬಂದ್ವಿ. ಏನ್ ಗಾಳಿ ಅಂತೀಯ ಇಲ್ಲಿ!'

ಅರ್ಜಿ ಹಾಕಿ ವರ್ಷಗಟ್ಲೆ ಆಗಿತ್ತು, ಸರದಿ ಬಂದಿತ್ತು, ಅಷ್ಟೇ. ಆದ್ರೆ ಅಂಕಲ್ ಹತ್ರ ಅದನ್ನ ಹೇಳೋಕೆ ನಾನ್ಯಾರು?

ಫೋನು ಮಾರ್ಗಿ ಕೈಗೆ ವಾಪಸ್ ಬಂತು. 'ನನಗೂ ಒಂದು ಹೋಳು ಕೊಟ್ಟಿದಾರೆ, ಹಣೆಗೆ ಕೆಂಪು ಪುಡಿ ಹಚ್ಚಿದಾರೆ. ಇದನ್ನ ಏನ್ ಮಾಡ್ಬೇಕು?'

'ಪುಡಿ ಹಂಗೇ ಇರ್ಲಿ. ಹೋಳು ತಿನ್ನಿ.'

ಅಗಿಯೋ ಸದ್ದು ಕೇಳಿಸ್ತು. 'ಚೆನ್ನಾಗಿದೆ. ಫೆರಿ ಕ್ಯಾಪ್ಟನ್ನೂ ಪಕ್ಕದಲ್ಲೇ ನಿಂತು ತಿಂತಿದಾನೆ. ಕಂಪನಿಗೆ ವರದಿ ಬರೀಬೇಕಂತೆ. ಈ ಜನ ಈ ವರ್ಷ ಮಾತ್ರಾನಾ, ಇಲ್ಲಾ ಮುಂದೇನೂ ಬರ್ತಾರಾ ಅಂತ ಕೇಳ್ತಿದಾನೆ. ಏನ್ ಹೇಳ್ಲಿ?'

ಅಕ್ಕ ಅಡುಗೆಮನೇಲಿ ಭಾವನ ಲ್ಯಾಪ್‌ಟಾಪ್ ತೆಗೆದು, ಆ ದಿನದ ನಾಲ್ಕನೇ ಸಲ ಕೆಟಲ್ ಹುಡುಕ್ತಾ ಇದ್ಲು. ಕಂಪನಿ ಜೊತೆ ಆ ಪೇಜೂ ಹೋಗಿದೆ ಅಂತ ನಾನಿನ್ನೂ ಅವಳಿಗೆ ಹೇಳಿರ್ಲಿಲ್ಲ.

'ಮಾರ್ಗಿ, ಕ್ಯಾಪ್ಟನ್ನಿಗೆ ಹೇಳಿ' ಅಂದೆ. 'ನಮ್ಮವರಿಗೆ ಗ್ರೀನ್ ಕಾರ್ಡ್ ಬರೋದು ನಿಲ್ಲೋವರೆಗೂ ಬರ್ತಾನೇ ಇರ್ತಾರೆ.'